ಬಯಲು ಬೇಡುವ ನಾಯಿ

ಮೈಮೇಲೆ ರೋಮವೇ ಇಲ್ಲದ ಪ್ರಾಚೀನ ನಾಯಿತಳಿಯೊಂದು ಮೆಕ್ಸಿಕೋ ದೇಶದಲ್ಲಿದೆ. ಚುಟುಕಾಗಿ ಅದನ್ನು ಶೋಲೋ ಎನ್ನುತ್ತಾರೆ. ರೋಮವನ್ನು ಕಳೆದ ವಂಶಗುಣವೇ ಅದರ ಕೆಲವು ಹಲ್ಲುಗಳನ್ನೂ ಕಳೆದಿದೆ. ಬಿಸಿಲು, ಚಳಿ ಎರಡರಿಂದಲೂ ಆ ಬರಿಮೈಯನ್ನು ಕಾಯಬೇಕು. ನಮ್ಮಲ್ಲಿ ಅಂಥ ತಳಿಯಿಲ್ಲ. ಹತ್ತಿರಕ್ಕೆ ಬರುವುದೆಂದರೆ ಮುಧೋಳದ ಬೇಟೆನಾಯಿ. ಅದರ ಕೂದಲು ಎಷ್ಟು ಮೋಟು, ತೊಗಲು ಎಷ್ಟು ತೆಳುವೆಂದರೆ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು.

ಬೇಟೆನಾಯಿಗೆ ಕನ್ನಡ ನಾಡು ಸಲ್ಲಿಸಿದ ಗೌರವಕ್ಕೆ ಹತ್ತನೆಯ ಶತಮಾನದ ಆತಕೂರು ಶಾಸನ ಸಾಕ್ಷಿ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನಷ್ಟೆ. ಬೂತುಗನ ಭಟ ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಆ ಕಾಳಿ ಹಿರಿಯ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಭೂಮಿ ಬಿಟ್ಟದ್ದಾಯಿತು. ಕಾಳಿಯನ್ನು ಮುಧೋಳದ ನಾಯಿಗೆ ಮೂಲವೆನ್ನಲು ಶಾಸನದಲ್ಲಿ ಆಧಾರವಿಲ್ಲ. ಅಂಥ ವಂಶಾವಳಿ ಕಟ್ಟುವ ಉತ್ಸಾಹವೂ ನನಗಿಲ್ಲ.

ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೂ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆಚೀಟಿಯ ಮೇಲೂ ಇದರ ಚಿತ್ರ ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕೊಂದು ಸಂಶೋಧನ ಕೇಂದ್ರವಿದೆ. ಕೀರ್ತಿಗೆ ಕೊರತೆಯಿಲ್ಲ, ಕೊರತೆ ಇರುವುದು ಬಯಲಿಗೆ.

ಮುಧೋಳದಿಂದ ಹುನಗುಂದ ದಾಟಿ ಮೂಡಣಕ್ಕೆ ನಡೆದರೆ ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು. ಈ ನಾಯಿ ವಾಸನೆಗಿಂತ ನೋಟವನ್ನು ನಂಬಿ ಓಡುವಂಥದು. ಕಣ್ಣಿಗೆ ಅಡ್ಡಿಯಿಲ್ಲದ ಎರೆಭೂಮಿ ಅದಕ್ಕೆ ಹೇಳಿಸಿದ್ದು. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಸಿಂಧನೂರಿನ ಹೊಲಗಳು ಗದ್ದೆಗಳಾದವು. ರೈತನ ಹಸಿವು ನೀಗಿತು, ಸಂತೋಷವೇ. ಆದರೆ ಕೆಸರಿನಲ್ಲಿ ಈ ನಾಯಿ ಓಡಲಾರದು. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನೂ ನಿಲ್ಲಿಸಿತು. ಅದೂ ಸರಿಯೇ, ಮೊಲದ ಜೀವವೂ ಜೀವವಲ್ಲವೆ? ಕಾಯಿದೆಯ ಸುದ್ದಿ ನಾಯಿಯ ಕಾಲಿಗೆ ಮಾತ್ರ ತಿಳಿದಿಲ್ಲ.

ಈಗ ಪಟ್ಟಣದವರು ಇದನ್ನು ತಂದು ಸರಪಣಿಯಲ್ಲಿ ಕಟ್ಟುತ್ತಾರೆ. ಬಡಕಲೆಂದು ಮರುಗಿ ಕೊಬ್ಬಿಸುತ್ತಾರೆ. ಪಕ್ಕೆಲುಬು ಕಾಣುವುದು ಅದರ ರೋಗವಲ್ಲ, ಲಕ್ಷಣ. ಜೋಳದ ರೊಟ್ಟಿ, ಹಾಲು ಉಂಡೇ ಗಟ್ಟಿಯಾಗಿ ಬೆಳೆದ ನಾಯಿಗಳನ್ನು ನಮ್ಮ ಹಳ್ಳಿಗಳಲ್ಲಿ ಕಂಡಿದ್ದೇನೆ. ಬರಿಯ ಬಂಡೆನೆಲದಲ್ಲಿ ಮಲಗಿಸಿದರೆ ಮೊಣಕೈ ಒರೆದು ಹುಣ್ಣಾಗುತ್ತದೆ. ಹಳೆಯ ಕಂಬಳಿಯೊಂದು ಬೇಕು. ಚಳಿಗಾಲದಲ್ಲಿ ಬೆಚ್ಚನೆಯ ಮೂಲೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ದಿನಕ್ಕೊಮ್ಮೆ ಬಿಟ್ಟ ಓಟ ಬೇಕು. ಲಿಂಗಸುಗೂರಿನ ಕಡೆ ಮಳೆಯನ್ನೇ ನಂಬಿದ ಹೊಲಗಳು ಇನ್ನೂ ಇವೆ. ಸುಗ್ಗಿ ಮುಗಿದ ಮೇಲೆ, ಬಿಸಿಲೇರುವ ಮುನ್ನ, ಹೊಲದವರನ್ನು ಒಂದು ಮಾತು ಕೇಳಿ ಅಲ್ಲಿ ಬಿಡಬಹುದು.