ತೋಟಕ್ಕೆ ಹೋದ ಊರು: ತುಕ್ಕಾನಟ್ಟಿಯ ಜನವಸತಿ

ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯ ಎಡದಂಡೆಯ ಊರುಗಳಲ್ಲಿ ಯಾರದಾದರೂ ಮನೆ ಹುಡುಕಿಕೊಂಡು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ಊರಾಗಿನ ಮನಿಯೋ, ತ್ವಾಟದ ಮನಿಯೋ?" ಕಾಗದದ ಮೇಲೆ ಎರಡಕ್ಕೂ ವಿಳಾಸ ಒಂದೇ, ಮು.ಪೋ. ತುಕ್ಕಾನಟ್ಟಿ. ಆದರೆ ಒಂದು ಮನೆ ಗುಡಿ, ಅಗಸಿ, ಪಂಚಾಯಿತಿ ಕಟ್ಟೆಯ ಸುತ್ತಲಿನ ಗಾಂವಠಾಣದಲ್ಲಿರುತ್ತದೆ, ಇನ್ನೊಂದು ಕಾಲುವೆ ದಾಟಿ ಕಬ್ಬಿನ ಗದ್ದೆಯ ನಡುವೆ ಎಲ್ಲೋ. ತುಕ್ಕಾನಟ್ಟಿಯ ಜನ ಯಾರು, ಎಲ್ಲಿಂದ ಬಂದವರು, ಹೇಗೆ ಬದುಕುತ್ತಾರೆ ಎಂದು ತಿಳಿಯಲು ಜಾತಿಗಳ ಪಟ್ಟಿ ಓದಿದರೆ ಸಾಲದು, ತಲೆ ಎಣಿಸಿದರೂ ಸಾಲದು. ನೀರು ಈ ಊರನ್ನು ಹೊಲಕ್ಕೆ ಹರಡಿತು, ರಸ್ತೆ ಅದನ್ನು ಪಟ್ಟಣಗಳಿಗೆ ಹೊಲಿಯಿತು. ಸರಕಾರದ ದಫ್ತರದಲ್ಲಿ ಹಳ್ಳಿ ಎನಿಸಿಕೊಂಡ ಈ ವಸತಿ, ನಡುವೆ ದೊಡ್ಡ ನಗರವೇ ಇಲ್ಲದ ಒಂದು ಉಪನಗರ ಸೀಮೆಯ ತುಂಡು ಎಂಬುದು ನನ್ನ ವಾದ.

ಸುತ್ತಲಿನ ನಕಾಶೆಯನ್ನೇ ನೋಡೋಣ. ತೆಂಕಣಕ್ಕೆ ನದಿ, ಅದರಾಚೆ ಗೋಕಾಕ; ಪಡುವಣಕ್ಕೆ ಹುಕ್ಕೇರಿ ತಾಲ್ಲೂಕು ಮತ್ತು ಹಿಡಕಲ್ ಜಲಾಶಯ; ಮೂಡಲಗಿ ಈಗ ತಾಲ್ಲೂಕು ಕೇಂದ್ರ. ನೆರೆಹೊರೆಯಲ್ಲಿ ಅರಭಾವಿ, ಕಲ್ಲೋಳಿ, ನಾಗನೂರ, ಘಟಪ್ರಭಾ ಪಟ್ಟಣ. ಈ ಸೀಮೆಯ ಊರ ಹೆಸರುಗಳನ್ನು ಸಾಲಾಗಿ ಹೇಳಿಕೊಂಡು ಹೋದರೆ ಒಂದು ಬಾಲ ಮತ್ತೆ ಮತ್ತೆ ಕೇಳುತ್ತದೆ: ಖಾನಟ್ಟಿ, ಭೈರನಟ್ಟಿ, ಗುಜನಟ್ಟಿ, ವಡೇರಹಟ್ಟಿ, ತುಕ್ಕಾನಟ್ಟಿ. ವಡೇರಹಟ್ಟಿಯಲ್ಲಿ ಇಡಿಯಾಗಿ ಉಳಿದ 'ಹಟ್ಟಿ' ಉಳಿದವುಗಳಲ್ಲಿ ಬಾಯಿಂದ ಬಾಯಿಗೆ ಸವೆದು 'ನಟ್ಟಿ' ಆಗಿದೆ ಎಂದು ಓದುವುದೇ ಸರಳ. ಹಟ್ಟಿ ಎಂದರೆ ದನ-ಕುರಿಗಳೊಂದಿಗೆ ಬಂದವರು ಬೇಲಿ ಹಾಕಿಕೊಂಡು ನಿಂತ ಜಾಗ. ಹಾಗಾದರೆ ಮೂಲದಲ್ಲಿಯೇ ಇವು ಬಂದು ತಳವೂರಿದವರ ಊರುಗಳು. ಜನರ ಅಡ್ಡಹೆಸರುಗಳೂ ಇದೇ ಕಥೆ ಹೇಳುತ್ತವೆ. ಪಾಟೀಲ, ಕುಲಕರ್ಣಿ, ತಳವಾರ, ಬಡಿಗೇರ, ಕಂಬಾರ, ಹೂಗಾರ, ಮಠಪತಿ ಮೊದಲಾದವು ಹಳೆಯ ಊರಿನ ಕೆಲಸ ಹಂಚಿಕೆಯ ಹೆಸರುಗಳು. ಇನ್ನೊಂದು ಗುಂಪು ಊರ ಹೆಸರಿನದು: ಗೋಕಾಕ, ಕಲ್ಲೋಳಿ, ಬೆಟಗೇರಿ, ಅರಭಾವಿ. ಊರಿನಲ್ಲೇ ಉಳಿದವನಿಗೆ ಊರ ಹೆಸರಿನ ಅಡ್ಡಹೆಸರು ಬೇಕಾಗಿಲ್ಲ. ಊರು ಬಿಟ್ಟು ಬೇರೆ ಕಡೆ ನೆಲೆಸಿದವನನ್ನು ಅಲ್ಲಿಯವರು ಗುರುತಿಸುವುದೇ ಆ ಹೆಸರಿನಿಂದ. ಹಾಜರಿ ಪುಸ್ತಕದಲ್ಲಿ ಇಂಥ ಅಡ್ಡಹೆಸರು ಕಂಡಲ್ಲೆಲ್ಲ ಒಂದು ಹಳೆಯ ವಲಸೆ ಅಡಗಿದೆ.

ಆ ವಲಸೆಗೆ ದಿಕ್ಕು ಕೊಟ್ಟದ್ದು ನೀರು. 1876ರಿಂದ 78ರವರೆಗಿನ ಡೋಗಿ ಬರ ಈ ಭಾಗವನ್ನು ಬರಿದು ಮಾಡಿತ್ತು. 1872ಕ್ಕಿಂತ 1881ರ ಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ ಕಡಿಮೆಯಾಗಿ, ಸಂಖ್ಯೆ ಸುಮಾರು 8.64 ಲಕ್ಷಕ್ಕೆ ಇಳಿದಿತ್ತು. ಧೂಪದಾಳದಲ್ಲಿ ನದಿಗೆ ಅಡ್ಡಗಟ್ಟೆ ಕಟ್ಟಿ, ಅಲ್ಲಿಂದ 71 ಕಿಲೋಮೀಟರ್ ಎಡದಂಡೆ ಕಾಲುವೆಯನ್ನು 1897ರ ಹೊತ್ತಿಗೆ ಹರಿಸಿದ್ದು ಆ ಬರದ ಬೆನ್ನಿಗೆ. ಸ್ವಾತಂತ್ರ್ಯದ ನಂತರ ಕಾಲುವೆ 109 ಕಿಲೋಮೀಟರಿಗೆ ಬೆಳೆಯಿತು, ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ಜಲಾಶಯ ಎದ್ದಿತು. ಬರದಲ್ಲಿ ಜನ ಗುಳೆ ಹೋಗುತ್ತಿದ್ದ ಸೀಮೆಗೆ ಈಗ ಜನ ದುಡಿಯಲು ಬರುತ್ತಾರೆ. ಎಡದಂಡೆ ಕಾಲುವೆ ಮೊದಲು ಹರಿದ ದಶಕಗಳಲ್ಲೇ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ನಿಂತಿತು. 1887ರಲ್ಲಿ ಅಲ್ಲಿ ನೀರಿನಿಂದ ವಿದ್ಯುತ್ ತೆಗೆದರು. ರೈಲು ಬಂದು ಘಟಪ್ರಭಾ ನಿಲ್ದಾಣವಾಯಿತು. ಒಂದೇ ನದಿ ಒಂದು ಕಡೆ ಗಿರಣಿ ಕೆಲಸಗಾರನನ್ನೂ ಇನ್ನೊಂದು ಕಡೆ ನೀರಾವರಿ ರೈತನನ್ನೂ ಒಂದೇ ಕಾಲಕ್ಕೆ ಹುಟ್ಟಿಸಿತು. ಹಳ್ಳಿ ಮೊದಲು, ಪಟ್ಟಣ ಆಮೇಲೆ ಎಂಬ ವರಸೆ ಇಲ್ಲಿಗೆ ಹೊಂದುವುದಿಲ್ಲ.

ಒಣಬೇಸಾಯದ ಕಾಲದಲ್ಲಿ ಜನ ಗಾಂವಠಾಣದಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದರು. ಜೋಳದ ಹೊಲಕ್ಕೆ ವರ್ಷದಲ್ಲಿ ಕೆಲವೇ ತಿಂಗಳ ಕೆಲಸ; ಕಳ್ಳಕಾಕರ ಭಯವೂ ಇತ್ತು. ಕಬ್ಬು ಹಾಗಲ್ಲ. ಹನ್ನೆರಡರಿಂದ ಹದಿನಾಲ್ಕು ತಿಂಗಳು ನೆಲದಲ್ಲಿರುತ್ತದೆ. ಕಾಲುವೆಯ ಪಾಳಿ ನಡುರಾತ್ರಿ ಬಂದರೆ ನಡುರಾತ್ರಿಯೇ ನೀರು ತಿರುಗಿಸಬೇಕು; ತ್ರೀ ಫೇಸ್ ಕರೆಂಟು ಬಂದಾಗ ಮೋಟರು ಚಾಲೂ ಮಾಡಬೇಕು; ಎಮ್ಮೆಗಳಿಗೆ ಮೇವಿಗೆ ಕಬ್ಬಿನ ತುದಿಯ ಗರಿ ಅಲ್ಲೇ ಸಿಗುತ್ತದೆ. ಮೊದಲು ಒಂದು ತಗಡಿನ ಶೆಡ್ಡು, ಆಮೇಲೆ ಹೆಂಚಿನ ಮನೆ, ಅಣ್ಣತಮ್ಮಂದಿರು ಬೇರೆಯಾದಾಗ ಪಕ್ಕದಲ್ಲೇ ಸ್ಲ್ಯಾಬಿನ ಮನೆ: ತೋಟವೊಂದು ಮನೆತನದ ಸಣ್ಣ ಊರಾಗುವುದು ಹೀಗೆ. ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಫಲಕದ ಮೇಲೆ ಊರ ಹೆಸರಿನ ಜೊತೆಗೆ ಮನೆತನದ ಹೆಸರೂ 'ತೋಟ' ಎಂಬ ಪದವೂ ಇರುವುದು ಸಾಮಾನ್ಯ. ಶಿಕ್ಷಣ ಇಲಾಖೆ ತೋಟವನ್ನು ವಸತಿ ಎಂದು ಒಪ್ಪಿಕೊಂಡು ದಶಕಗಳಾದವು. ಕಂದಾಯ ಇಲಾಖೆಗೆ ಅದು ಇನ್ನೂ ಸರ್ವೆ ನಂಬರಿನಲ್ಲಿ ಕಟ್ಟಿದ ಮನೆ ಅಷ್ಟೇ. ನನ್ನ ಮಟ್ಟಿಗೆ ಈ ಸೀಮೆಯ ಸಮಾಜದ ಬಗ್ಗೆ ಆ ಶಾಲೆಯ ಫಲಕ ಹೇಳುವಷ್ಟನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ.

ನನ್ನ ಈ ವಾದಕ್ಕೆ ಒಂದು ಬಲವಾದ ಆಕ್ಷೇಪ ಉಂಟು. ಉತ್ತರ ಕರ್ನಾಟಕದ ಹಳ್ಳಿಯನ್ನು ಅರಿಯಲು ಜಾತಿಯೇ ಬೀಗದ ಕೈ, ನೀರು-ರಸ್ತೆಗಳ ಮಾತು ಅದನ್ನು ಮರೆಮಾಚುತ್ತದೆ ಎನ್ನುವವರಿದ್ದಾರೆ. ಈ ಸೀಮೆಯಲ್ಲಿ ಲಿಂಗಾಯತರ ಹಲವು ಒಳಪಂಗಡಗಳು, ಉಪ್ಪಾರರು, ಕುರುಬರು, ನಾಯಕರು, ಮಾದಿಗರು, ಹೊಲೆಯರು, ಮುಸ್ಲಿಮರು, ಕಸಬುಗಳ ಸಮುದಾಯಗಳು ಇರುವುದು ನಿಜ. ಚುನಾವಣೆ ಬಂದಾಗ ಲೆಕ್ಕ ನಡೆಯುವುದೂ ಇದರ ಮೇಲೆಯೇ. ಆಕ್ಷೇಪದಲ್ಲಿ ಹುರುಳಿದೆ. ಆದರೆ ತೋಟಕ್ಕೆ ಹೋದವರು ಯಾರು ಎಂದು ಕೇಳಿ ನೋಡಿ. ಹೊಲ ಇದ್ದವರು, ಅದೂ ಕಾಲುವೆಯ ಕೆಳಗೆ ಹೊಲ ಇದ್ದವರು. ಹೊಲವಿಲ್ಲದವರು ಗಾಂವಠಾಣದಲ್ಲಿ, ಕಾಲೊನಿಯಲ್ಲಿ, ಆಶ್ರಯ ಪ್ಲಾಟಿನಲ್ಲಿ ಉಳಿದರು. ದಲಿತರ ಕೇರಿ ಊರ ಅಂಚಿನಲ್ಲಿತ್ತು. ಭೂಮಿ ಇದ್ದವರ ಮನೆಗಳು ತೋಟಕ್ಕೆ ಹೋದ ಮೇಲೆ ಊರಿನ ನಡುವೆ ಬೀಗ ಹಾಕಿದ ವಾಡೆಗಳು ಉಳಿದವು. ಹೀಗೆ ಜಾತಿ ಇಲ್ಲಿ ನೀರಿನ ಮೂಲಕವೇ ನೆಲದ ಮೇಲೆ ಬರೆದುಕೊಂಡಿದೆ. ಜಾತಿಯನ್ನು ಎಣಿಸಬೇಕು, ಆದರೆ ಯಾರು ಎಲ್ಲಿದ್ದಾರೆ ಎಂಬುದರ ಜೊತೆಗೆ ಎಣಿಸಬೇಕು. ಅತಿಯಾಗಿ ನೀರು ಹರಿದು ಸವಳು-ಜವಳಾದ ಹೊಲದ ಒಡೆಯ ಯಾವ ಮೇಲಿನ ಜಾತಿಯವನಾದರೂ ಅವನ ಮಗ ಘಟಪ್ರಭಾದಲ್ಲಿ ಕೆಲಸ ಹುಡುಕುತ್ತಾನೆ. ಘಟಪ್ರಭೆಯ ಅಚ್ಚುಕಟ್ಟಿನಲ್ಲಿ ಇಂಥ ನೆಲ ಕಡಿಮೆಯೇನಿಲ್ಲ.

ಎರಡನೆಯ ಆಕ್ಷೇಪ: ಕಣ್ಣೆತ್ತಿದಲ್ಲೆಲ್ಲ ಕಬ್ಬು ಕಾಣುವ ಜಾಗವನ್ನು ಉಪನಗರ ಎನ್ನುವುದು ಹೇಗೆ? ಗಣತಿಯ ಅಳತೆಗೋಲಿನ ಪ್ರಕಾರ ಒಂದು ಊರು ಪಟ್ಟಣ ಎನಿಸಿಕೊಳ್ಳಲು 5,000 ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ಮತ್ತು ಪೂರ್ಣಾವಧಿ ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಕೃಷಿಯ ಹೊರಗಿರಬೇಕು. ಈ ಮೂರನೆಯ ಷರತ್ತಿನಲ್ಲಿ ಹೆಂಗಸರ ದುಡಿಮೆ ಲೆಕ್ಕಕ್ಕೇ ಇಲ್ಲ. ಇನ್ನು ಗಂಡಸರದೋ? ಎರಡು ಎಕರೆ ಕಬ್ಬು ಇಟ್ಟುಕೊಂಡು ವರ್ಷದ ಬಹುಪಾಲು ಟ್ರ್ಯಾಕ್ಟರ್ ಬಾಡಿಗೆ ಓಡಿಸುವವನು, ಗೊಬ್ಬರದ ಅಂಗಡಿ ನಡೆಸುವವನು, ಸೊಸೈಟಿಯಲ್ಲಿ ಪಿಗ್ಮಿ ಸಂಗ್ರಹಿಸುವವನು ಏನು ಕೆಲಸ ಎಂದು ಕೇಳಿದರೆ ಮೊದಲು ಹೇಳುವುದು 'ಒಕ್ಕಲುತನ' ಎಂದೇ. ಅದು ಸುಳ್ಳಲ್ಲ, ಅವನ ಮರ್ಯಾದೆಯ ಗುರುತು. 2011ರಲ್ಲಿ ಜಿಲ್ಲೆಯ 47,79,661 ಜನರಲ್ಲಿ ನೂರಕ್ಕೆ 25ರಷ್ಟೇ ಪಟ್ಟಣವಾಸಿಗಳೆಂದು, ರಾಜ್ಯದಲ್ಲಿ 38ಕ್ಕೂ ಮೇಲೆಂದು ಬಂದ ಅಂಕಿಯ ಹಿಂದೆ ಈ ಮರ್ಯಾದೆಯ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಕರ್ನಾಟಕದ ಪುರಸಭೆ ಕಾಯ್ದೆಯ ಅಳತೆ ಇಷ್ಟು ಬಿಗಿಯಿಲ್ಲ. 10,000 ಜನ, 400ರ ಸಾಂದ್ರತೆ, ಕೃಷಿಯೇತರ ಉದ್ಯೋಗ ನೂರಕ್ಕೆ 50 ಇದ್ದರೆ ಪಟ್ಟಣ ಪಂಚಾಯಿತಿ ಆಗಬಹುದು. ತುಕ್ಕಾನಟ್ಟಿಯ ನೆರೆಯ ಅರಭಾವಿ, ಕಲ್ಲೋಳಿ, ನಾಗನೂರ ಈಚಿನ ವರ್ಷಗಳಲ್ಲಿ ಆಗಿದ್ದೂ ಹಾಗೆಯೇ. ಅಲ್ಲಿಗೂ ಇಲ್ಲಿಗೂ ಬದುಕಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ತುಕ್ಕಾನಟ್ಟಿಯವರ ಒಂದು ವಾರದ ಓಡಾಟ ನೋಡಿದರೆ ಉಪನಗರ ಎಂಬ ಮಾತು ಒರಟು ಅನಿಸುವುದಿಲ್ಲ. ಸಂತೆಗೆ, ತಹಶೀಲ್ದಾರ ಕಚೇರಿಗೆ ಮೂಡಲಗಿ. ದವಾಖಾನೆಗೆ, ರೈಲಿಗೆ ಘಟಪ್ರಭಾ. ಬಂಗಾರ, ಬಟ್ಟೆ, ಮದುವೆ ಸಾಮಾನಿಗೆ ಗೋಕಾಕ. ತೋಟಗಾರಿಕೆ ಕಲಿಯಲು ರಾಜ್ಯದ ಎಲ್ಲೆಡೆಯಿಂದ ಮಕ್ಕಳು ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ಕಾಲೇಜಿಗೆ ಬರುತ್ತಾರೆ. ತುಕ್ಕಾನಟ್ಟಿಯಲ್ಲೇ ಬರ್ಡ್ಸ್ ಸಂಸ್ಥೆ ನಡೆಸುವ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿಗೆ ತರಬೇತಿಗೆಂದು ಬೇರೆ ತಾಲ್ಲೂಕುಗಳ ರೈತರು ಬಂದಿಳಿಯುತ್ತಾರೆ. ಒಂದು ನಗರ ಮಾಡುವ ಕೆಲಸವನ್ನು ಇಲ್ಲಿ ನಾಲ್ಕೈದು ಊರುಗಳು ಹಂಚಿಕೊಂಡಿವೆ. 2018ರ ಸುಮಾರಿಗೆ ಮೂಡಲಗಿ ತಾಲ್ಲೂಕು ಜಾರಿಗೆ ಬಂದಾಗ ವಿಳಾಸದಲ್ಲಿ 'ತಾ: ಗೋಕಾಕ' ಹೋಗಿ 'ತಾ: ಮೂಡಲಗಿ' ಬಂದಿತು. ಜನರ ದಾರಿ ಮಾತ್ರ ಮೂರೂ ಕಡೆಗೆ ಮೊದಲಿನಂತೆಯೇ ಹೋಗುತ್ತದೆ.

ಇಲ್ಲಿಯ ಜನಸಂಖ್ಯೆಯಲ್ಲಿ ಎರಡು ಗುಂಪುಗಳು ಯಾವಾಗಲೂ ಚರ್ಚೆಯಿಂದ ಹೊರಗುಳಿಯುತ್ತವೆ. ಮೊದಲನೆಯದು ಸೊಸೆಯಂದಿರದು. 2011ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ಜನ ವಲಸಿಗರು. ಅವರಲ್ಲಿ ಅತಿ ದೊಡ್ಡ ಪಾಲು ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ಈ ಸೀಮೆಯಲ್ಲಿ ಆ ವಲಸೆ ದೂರದ್ದಲ್ಲ, ಹತ್ತಿಪ್ಪತ್ತು ಮೈಲಿಯೊಳಗಿನದು. ಹೀಗಾಗಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನರ ಹುಟ್ಟೂರು ತುಕ್ಕಾನಟ್ಟಿ ಅಲ್ಲ. ಮೂಲ ನಿವಾಸಿ, ಹೊರಗಿನವ ಎಂದು ವಾದಿಸುವವರು ತಮ್ಮ ಅಡುಗೆಮನೆಯತ್ತ ಒಮ್ಮೆ ನೋಡಿದರೆ ಸಾಕು. ಎರಡನೆಯದು ಕಬ್ಬು ಕಡಿಯುವ ಗ್ಯಾಂಗ್. ಕಾರ್ಖಾನೆಯ ಹಂಗಾಮು ಶುರುವಾದೊಡನೆ ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ ಗಂಡಹೆಂಡಿರು ಮಕ್ಕಳೊಂದಿಗೆ ಬಂದು ಬಯಲಲ್ಲಿ ಪ್ಲಾಸ್ಟಿಕ್ ಹಾಳೆಯ ಗುಡಿಸಲು ಹಾಕುತ್ತಾರೆ. ಗ್ಯಾಂಗ್ ಕರೆತರುವ ಮುಕಾದಮನ ಲೆಕ್ಕದಲ್ಲಿ ಗಂಡಹೆಂಡತಿ ಸೇರಿ ಒಂದು 'ಕೊಯ್ತಾ'. ಗಂಡ ಕಡಿಯುತ್ತಾನೆ, ಹೆಂಡತಿ ಸುಲಿದು ಹೊರೆ ಕಟ್ಟಿ ತಲೆಯ ಮೇಲೆ ಟ್ರೇಲರಿಗೆ ಏರಿಸುತ್ತಾಳೆ. ಇಬ್ಬರು ಮನುಷ್ಯರು ಒಂದು ಕುಡುಗೋಲಾಗಿ ಪಟ್ಟಿಯಲ್ಲಿ ಕೂರುತ್ತಾರೆ. ಮುಂಗಡವೂ ಆ ಒಂದರ ಮೇಲೆಯೇ. ವರ್ಷದಲ್ಲಿ ನಾಲ್ಕೈದು ತಿಂಗಳು ಈ ಸೀಮೆಯ ಬದುಕು ನಿಂತಿರುವುದು ಇವರ ರಟ್ಟೆಯ ಮೇಲೆ. ಇವರ ಮಕ್ಕಳು ಎರಡು ಊರುಗಳ ಶಾಲೆಯ ಹಾಜರಿಗಳ ನಡುವೆ ಜಾರಿಹೋಗುವುದು ನಮ್ಮ ಸಮಾಜದ ದೊಡ್ಡ ತಪ್ಪು.

ಇವರನ್ನೆಲ್ಲ ಸೇರಿಸಿ 'ಒಂದು ಸಮಾಜ' ಎನ್ನಲು ಬರುತ್ತದೆಯೇ ಎಂದರೆ, ಬರುತ್ತದೆ, ಒಂದು ಮಿತಿಯಲ್ಲಿ. 2025ರ ನವೆಂಬರ್ ಮೊದಲ ವಾರ ಇದೇ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ಸಾವಿರಾರು ರೈತರು ರಸ್ತೆಯಲ್ಲೇ ರಾತ್ರಿ ಕಳೆದರು. ಸರಕಾರ ಕೊನೆಗೆ 3,300ಕ್ಕೆ ಬಂದಿತು. ಅಲ್ಲಿ ಜಾತಿಯ ಲೆಕ್ಕ ನಡೆಯಲಿಲ್ಲ, 'ಕಬ್ಬು ಬೆಳೆಗಾರ' ಎಂಬ ಒಂದೇ ಗುರುತು ನಡೆಯಿತು. ಆದರೆ ಆ ದರದ ಚರ್ಚೆಯಲ್ಲಿ ಕಬ್ಬು ಕಡಿಯುವವನು ಖರ್ಚಿನ ಬಾಬತ್ತಾಗಿಯೇ ಬಂದ. ಬೆಳೆಗಾರ ಎಂಬ ಗುರುತು ಜಾತಿಗಿಂತ ಅಗಲವಾದದ್ದು, ಊರಿಗಿಂತ ಮಾತ್ರ ಸಣ್ಣದು.

ಹೆಸರು ಏನಾದರಾಗಲಿ, ಹಳ್ಳಿಯೆಂದರೂ ಉಪನಗರವೆಂದರೂ ವ್ಯತ್ಯಾಸವೇನು ಎಂದು ಕೇಳಬಹುದು. ವ್ಯತ್ಯಾಸ ಅನುದಾನದಲ್ಲಿದೆ. ಕುಡಿಯುವ ನೀರಿನ ಪೈಪು, ಚರಂಡಿ, ಬೀದಿದೀಪ ಇವೆಲ್ಲ ಗಾಂವಠಾಣವನ್ನು ನೋಡಿಕೊಂಡು ಬರುತ್ತವೆ; ತೋಟದ ಮನೆಯ ಬಸುರಿ ಹೆಂಗಸು ಮಳೆಗಾಲದಲ್ಲಿ ಕೆಸರಿನ ದಾರಿಯಲ್ಲಿ ಟ್ರ್ಯಾಕ್ಟರ್ ಏರಿ ಡಾಂಬರು ರಸ್ತೆ ಮುಟ್ಟಬೇಕು. ತಾವೇ ಬಯಸಿ ತೋಟಕ್ಕೆ ಹೋದವರು ಸೌಲಭ್ಯವನ್ನೂ ತಾವೇ ನೋಡಿಕೊಳ್ಳಲಿ ಎಂಬ ಮಾತು ಗ್ರಾಮಸಭೆಗಳಲ್ಲಿ ಕೇಳಿಬರುತ್ತದೆ. ಆದರೆ ಅವರನ್ನು ಅಲ್ಲಿಗೆ ಎಳೆದದ್ದು ಸರಕಾರವೇ ಕಟ್ಟಿದ ಕಾಲುವೆ, ಸರಕಾರವೇ ಗೊತ್ತುಮಾಡಿದ ಪಾಳಿ. ನೀರು ಕೊಟ್ಟ ಕೈ ದಾರಿಯನ್ನೂ ಕೊಡಬೇಕು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದ ದಿನ. ಈ ಬಾರಿ ಜಾತಿಯನ್ನೂ ಕೇಳುತ್ತಾರೆ, ಮೊಬೈಲಿನಲ್ಲೇ ಬರೆದುಕೊಳ್ಳುತ್ತಾರೆ. ಹಂಗಾಮು ಮುಗಿಯುವ ಹೊತ್ತು ಅದು, ಹಲವು ಗ್ಯಾಂಗುಗಳು ಇನ್ನೂ ಗದ್ದೆಯಲ್ಲಿರುತ್ತವೆ. ತುಕ್ಕಾನಟ್ಟಿಯ ಪಂಚಾಯಿತಿ ಸದಸ್ಯರೂ ಶಿಕ್ಷಕರೂ ಯುವಕರೂ ಗಣತಿದಾರರ ಜೊತೆಗೆ ಕಾಲುವೆ ದಾಟಿ ಕೊನೆಯ ತೋಟದವರೆಗೆ ಹೋಗಲಿ. ದಾರಿಯಲ್ಲಿ ಪ್ಲಾಸ್ಟಿಕ್ ಗುಡಿಸಲು ಕಂಡರೆ ಅಲ್ಲಿಯೂ ನಿಂತು, ಒಂದು ಕೊಯ್ತಾವನ್ನು ಇಬ್ಬರೆಂದು ಬರೆಸಲಿ.