ಪುಟದ ವೇಷಾಂತರ

ಅಚ್ಚಿನ ಯಂತ್ರಕ್ಕೂ ಒಂದು ಭಾಷೆ ಉಂಟೆಂದರೆ ವಾಚಕರು ನಕ್ಕಾರು. ಆದರೆ ಗಣಕಯಂತ್ರದ ಅಪ್ಪಣೆಯಂತೆ ಕಾಗದದ ಮೇಲೆ ಅಕ್ಷರ ಮೂಡಿಸುವ ಮುದ್ರಕಗಳು ಬಂದ ಕಾಲಕ್ಕೆ ಒಂದೊಂದು ಕಂಪೆನಿಯ ಯಂತ್ರ ಒಂದೊಂದು ಭಾಷೆಯನ್ನಾಡುತ್ತಿತ್ತು. ಒಂದಕ್ಕೆಂದು ಸಿದ್ಧಪಡಿಸಿದ ಕಡತ ಇನ್ನೊಂದಕ್ಕೆ ತಿಳಿಯದು. ಈ ಗೊಂದಲ ಹೇಗೆ ತಿಳಿಯಾಯಿತು, ತಿಳಿಯಾದ ಮೇಲೂ ಕನ್ನಡಿಗರಿಗೆ ಯಾವ ತೊಡಕು ಉಳಿಯಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ಜಾನ್ ವಾರ್ನಾಕ್, ಚಾರ್ಲ್ಸ್ ಗೆಶ್ಕಿ ಎಂಬಿಬ್ಬರು ಕೆಲಸ ಮಾಡುತ್ತಿದ್ದರು. ಪುಟವನ್ನು ವರ್ಣಿಸುವುದಕ್ಕೆ ಇಂಟರ್‌ಪ್ರೆಸ್ ಎಂಬ ಭಾಷೆ ಅಲ್ಲಿ ರೂಪುಗೊಂಡಿತು. ಅದನ್ನು ಹೊರಜಗತ್ತಿಗೆ ಕೊಡಲು ಕಂಪೆನಿ ತಡಮಾಡಿತು. ೧೯೮೨ರಲ್ಲಿ ಇಬ್ಬರೂ ಹೊರಬಂದು ಸ್ವಂತ ಸಂಸ್ಥೆ ಕಟ್ಟಿದರು. ವಾರ್ನಾಕರ ಮನೆಯ ಹಿಂದೆ ಹರಿಯುತ್ತಿದ್ದ ಹಳ್ಳದ ಹೆಸರನ್ನೇ ಅದಕ್ಕಿಟ್ಟು ಅಡೋಬಿ ಎಂದರು. ೧೯೮೪ರಲ್ಲಿ ಅಲ್ಲಿಂದ ಪೋಸ್ಟ್‌ಸ್ಕ್ರಿಪ್ಟ್ ಹೊರಬಂದಿತು. 'ಇಲ್ಲಿಂದ ಗೆರೆ ಎಳೆ, ಈ ಅಕ್ಷರವನ್ನು ಇಷ್ಟು ದೊಡ್ಡದಾಗಿ ಇಲ್ಲಿಡು' ಎಂಬಂಥ ಆಜ್ಞೆಗಳ ಮಾಲೆಯೇ ಅದರ ಕಡತ. ೧೯೮೫ರ ಆಪಲ್ ಲೇಸರ್‌ರೈಟರ್ ಅದನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಲ್ಲಿ ಅಚ್ಚುಮಾಡಿತು. ಅದೇ ಕಡತವನ್ನು ಅಚ್ಚುಕೂಟದ ದೊಡ್ಡ ಯಂತ್ರ ಇನ್ನೂ ನುಣುಪಾಗಿ ಮೂಡಿಸಬಲ್ಲದಾಗಿತ್ತು.

ಆದರೆ ಈ ಭಾಷೆ ಬಲ್ಲ ಮುದ್ರಕ ಎಲ್ಲರ ಕೈಗೆಟುಕುವಂಥದಲ್ಲ. ಅದೇ ಸಂಶೋಧನಾಲಯದಲ್ಲಿ ದುಡಿದಿದ್ದ ಪೀಟರ್ ಡಾಯ್ಚ್ ೧೯೮೮ರಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಿದರೆ ಸಾಕು, ಅದು ಪೋಸ್ಟ್‌ಸ್ಕ್ರಿಪ್ಟ್ ಕಡತವನ್ನೋದಿ ಬಡ ಮುದ್ರಕಕ್ಕೂ ತಿಳಿಯುವ ಚುಕ್ಕೆಗಳನ್ನಾಗಿ ಮಾಡಿಕೊಟ್ಟಿತು. ೧೯೯೩ರಲ್ಲಿ ಅಡೋಬಿ ಪಿಡಿಎಫ್ ರೂಪವನ್ನು ತಂದಿತು. ಪೋಸ್ಟ್‌ಸ್ಕ್ರಿಪ್ಟನ್ನು ಪಿಡಿಎಫ್ ಆಗಿ, ಪಿಡಿಎಫನ್ನು ಮರಳಿ ಪೋಸ್ಟ್‌ಸ್ಕ್ರಿಪ್ಟ್ ಆಗಿ ಮಾರ್ಪಡಿಸುವ ಆಜ್ಞೆಗಳೂ ಘೋಸ್ಟ್‌ಸ್ಕ್ರಿಪ್ಟಿನ ಬತ್ತಳಿಕೆ ಸೇರಿದವು. ೨೦೦೮ರಲ್ಲಿ ಪಿಡಿಎಫ್ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಇನ್ನು ನಮ್ಮ ತೊಡಕಿನ ಮಾತು. ಈ ವೇಷಾಂತರಗಳೆಲ್ಲ ಕಾಪಾಡುವುದು ಪುಟದ ರೂಪವನ್ನು. ಒಳಗಿನ ಅಕ್ಷರ ಅಕ್ಷರವಾಗಿಯೇ ಉಳಿಯಬೇಕೆಂಬ ನಿರ್ಬಂಧವೇನೂ ಅವಕ್ಕಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಕ್ಕೂ ಅಚ್ಚಿನ ಆಕಾರಕ್ಕೂ ಒಂದಕ್ಕೊಂದರ ಲೆಕ್ಕ. ಸಾಮಾನ್ಯವಾಗಿ ಎರಡೂ ಕ್ಷೇಮವಾಗಿ ದಾಟುತ್ತವೆ. ಕನ್ನಡದ 'ಕ್ಷ್ಮೀ'ಯಂಥ ಅಕ್ಷರವಾದರೋ ಒತ್ತು, ಗುಡಿಸು, ದೀರ್ಘಗಳ ಜೋಡಣೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳು ಈ ಬಿಡಿಭಾಗಗಳನ್ನು ರೋಮನ್ ಲಿಪಿಯ ಸ್ಥಾನಗಳಲ್ಲಿ ಕೂರಿಸಿದ್ದವು. ಅಂಥ ಕಡತವೊಂದನ್ನು ತೆರೆದು ನಾನು 'ಕನ್ನಡ' ಎಂಬ ಪದವನ್ನು ಹುಡುಕಿ ನೋಡಿದೆ. ಕಣ್ಣೆದುರಿಗೇ ಇದ್ದ ಪದ ಇಲ್ಲವೆಂದಿತು ಯಂತ್ರ! ನಕಲಿಸಿ ಬೇರೆಡೆ ಇಟ್ಟರೆ ಬಂದದ್ದು ರೋಮನ್ ಅಕ್ಷರಗಳ ಅಸಂಬದ್ಧ ಸಾಲು.

೧೯೯೧ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತು. ಆದರೂ ಆಕಾರದಿಂದ ಅಕ್ಷರಕ್ಕೆ ಮರಳುವ ಕೋಷ್ಟಕ ಪಿಡಿಎಫ್‌ನೊಳಗೆ ಸರಿಯಾಗಿ ಸೇರದಿದ್ದರೆ ಒತ್ತುಗಳು ಇಂದಿಗೂ ಸ್ಥಾನ ತಪ್ಪುತ್ತವೆ.

ಮನುಷ್ಯನ ಕಣ್ಣಿಗೆ ಅಂಥ ಪುಟದಲ್ಲಿ ಕೊರತೆ ಕಾಣದು. ಆದರೆ ನಾಳಿನ ವಿದ್ಯಾರ್ಥಿ ಸಾವಿರಾರು ಪುಟಗಳ ನಡುವೆ ಒಂದು ಹೆಸರನ್ನೋ ಒಂದು ಊರನ್ನೋ ಅರಸಿದಾಗ ಅವು ಮೂಕವಾಗಿರುತ್ತವೆ. ಕುರುಡರಿಗಾಗಿ ಗಟ್ಟಿಯಾಗಿ ಓದುವ ಯಂತ್ರವೂ ಅಲ್ಲಿ ತೊದಲುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈಗ ಉಂಟು. ಪುಸ್ತಕ ಪ್ರಕಟಿಸುವವರು, ಸಂಘಸಂಸ್ಥೆಗಳವರು ಪಿಡಿಎಫ್ ಒಂದನ್ನೇ ಇಟ್ಟುಕೊಂಡು ನಿಶ್ಚಿಂತರಾಗದೆ, ಅದರ ಜೊತೆಗೆ ಯೂನಿಕೋಡಿನ ಮೂಲಪ್ರತಿಯನ್ನೂ ಕಾಪಿಡುವುದು ಲೇಸು.