ಎರೆನಾಡಿನ ರಸ್ತೆಯಲ್ಲಿ ಎಂಜಿನ್ನಿನ ಆಯುಷ್ಯ

ಸೊಲ್ಲಾಪುರದಿಂದ ವಿಜಯಪುರದ ಮೇಲೆ ಗದಗಿಗೆ ಬರುವ ರೈಲು ಹಾದಿಯಲ್ಲಿ ‘ಇಂಡಿ ರೋಡ್’ ಎಂಬ ನಿಲ್ದಾಣವಿದೆ. ಅದೇ ಹಾದಿಯಲ್ಲಿ ಮುಂದೆ ‘ಬಸವನ ಬಾಗೇವಾಡಿ ರೋಡ್’ ಎಂಬ ಇನ್ನೊಂದಿದೆ. ಊರಿನ ಹೆಸರಿಗೆ ‘ರೋಡ್’ ಸೇರಿತೆಂದರೆ ರೈಲ್ವೆಯವರ ಲೆಕ್ಕದಲ್ಲಿ ಊರು ಅಲ್ಲಿಲ್ಲ, ಇಳಿದವರು ರಸ್ತೆ ಹಿಡಿದು ಹೋಗಬೇಕು ಎಂದರ್ಥ. ಇಂಡಿ, ಬಾಗೇವಾಡಿಗಳ ಸ್ಥಿತಿ ಹೀಗಾದರೆ ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲೇ ಇಲ್ಲ. 1880ರ ದಶಕದಲ್ಲಿ ಹಾಕಿದ ಹಳಿ ಈ ಸೀಮೆಯ ಜನರನ್ನು ಅರ್ಧ ದಾರಿಯಲ್ಲಿ ಬಿಟ್ಟಿತು. ಉಳಿದರ್ಧ ದಾರಿಯನ್ನು ಮೊದಲು ಚಕ್ಕಡಿ, ಟಾಂಗಾಗಳು, ಆಮೇಲೆ ಸರ್ಕಾರಿ ಬಸ್ಸು ಮತ್ತು ಜೀಪುಗಳು ತುಂಬಿದವು. 1980ರ ದಶಕದ ಕೊನೆಯಿಂದೀಚೆಗೆ ಆ ಕೆಲಸಕ್ಕೆ ಟ್ರ್ಯಾಕ್ಸ್, ಅದರ ಬೆನ್ನಿಗೆ ಕ್ರೂಸರ್ ಬಂದವು.

ವಿಜಯಪುರ ಜಿಲ್ಲೆಯ ಯಾವುದೇ ಸಂತೆಯ ದಿನ ನೋಡಿದರೂ ಈ ಗಾಡಿಗಳ ದುಡಿಮೆ ಕಣ್ಣಿಗೆ ಬೀಳುತ್ತದೆ. ಒಳಗೆ ಜನ, ಮೇಲೆ ಗಂಟುಮೂಟೆ. ಪಂಢರಪುರದ ವಾರಿಗೂ, ಶ್ರೀಶೈಲದ ಯಾತ್ರೆಗೂ, ಮದುವೆ ದಿಬ್ಬಣಕ್ಕೂ, ಗೋವಾ ಮತ್ತು ಮಹಾರಾಷ್ಟ್ರಗಳಿಗೆ ದುಡಿಯಲು ಗುಳೆ ಹೋಗುವವರಿಗೂ ಅದೇ ಗಾಡಿ. ಹತ್ತು ಹನ್ನೆರಡು ವರ್ಷ ಹೀಗೆ ಓಡಿ, ಲಕ್ಷಗಟ್ಟಲೆ ಕಿಲೋಮೀಟರ್ ಕಂಡ ಎಂಜಿನ್ ಮರುದಿನ ಬೆಳಿಗ್ಗೆ ಮತ್ತೆ ಹತ್ತುತ್ತದೆ. ಊರ ಸಾಹುಕಾರರ ಮನೆ ಮುಂದೆ ನೆರಳಲ್ಲಿ ನಿಂತಿದ್ದು, ವಾರಕ್ಕೊಮ್ಮೆ ಗುಡಿಯವರೆಗೆ ಹೋಗಿ ಬರುವ ಕಾರಿನ ಎಂಜಿನ್ ಅಷ್ಟು ದೂರ ಓಡದೆಯೇ ಕೆಮ್ಮತೊಡಗುವುದೂ ಉಂಟು. ಹೆಚ್ಚು ದುಡಿದದ್ದು ಬದುಕಿ, ಕಡಿಮೆ ದುಡಿದದ್ದು ಸೊರಗುವುದೇಕೆ?

ಉತ್ತರದ ಒಂದು ಭಾಗ ಎಂಜಿನ್ನಿನ ವಂಶಾವಳಿಯಲ್ಲಿದೆ. ರುಡಾಲ್ಫ್ ಡೀಸೆಲ್ ತನ್ನ ಮೊದಲ ಯಶಸ್ವಿ ಎಂಜಿನ್ನನ್ನು ಓಡಿಸಿ ತೋರಿಸಿದ್ದು 1897ರಲ್ಲಿ. ಅದು ಕಾರಿನಲ್ಲಿ ಕೂರುವಂಥದ್ದಾಗಿರಲಿಲ್ಲ. 1909ರಲ್ಲಿ ಬೆಂಜ್ ಕಂಪನಿಯ ಪ್ರಾಸ್ಪರ್ ಲೊರಾಂಜ್ ಎಂಬ ಎಂಜಿನಿಯರ್ ಒಂದು ಉಪಾಯ ಹೂಡಿದ. ಡೀಸೆಲನ್ನು ನೇರವಾಗಿ ಪಿಸ್ಟನ್ ತಲೆಯ ಮೇಲೆ ಸಿಡಿಸುವ ಬದಲು, ಪಕ್ಕದ ಸಣ್ಣ ಕೋಣೆಯೊಂದರಲ್ಲಿ ಹೊತ್ತಿಸಿ, ಅಲ್ಲಿಂದ ಬೆಂಕಿ ಮುಖ್ಯ ಕೋಣೆಗೆ ಹರಡುವಂತೆ ಮಾಡಿದ. ಇದರಿಂದ ಪಿಸ್ಟನ್ನಿಗೆ ಬೀಳುವ ಪೆಟ್ಟು ಮೆದುವಾಯಿತು. ಒಂದಿಷ್ಟು ಶಾಖ ವ್ಯರ್ಥವಾಗಿ ಇಂಧನ ಹೆಚ್ಚು ಖರ್ಚಾದರೂ ಎಂಜಿನ್ನಿನ ಮೈಗೆ ಸುಖವಾಯಿತು. 1936ರ ಮರ್ಸಿಡಿಸ್ 260 ಡಿ ಕಾರು ಇದೇ ತತ್ವದ ಮೇಲೆ ಬಂತು. ಅದನ್ನು ಹೆಚ್ಚಾಗಿ ಕೊಂಡವರು ಟ್ಯಾಕ್ಸಿಯವರು.

ಅದೇ ಮನೆತನದಲ್ಲಿ 1973ರಲ್ಲಿ ಹುಟ್ಟಿದ್ದು ‘ಒಎಂ 616’ ಎಂಬ ನಾಲ್ಕು ಸಿಲಿಂಡರಿನ, 2.4 ಲೀಟರ್ ಗಾತ್ರದ ಡೀಸೆಲ್ ಎಂಜಿನ್. ಜರ್ಮನಿಯಿಂದ ಆಫ್ರಿಕಾದವರೆಗೆ ಟ್ಯಾಕ್ಸಿಗಳಲ್ಲಿ ಅದು ಹೆಸರು ಮಾಡಿತು. ಪುಣೆ ಬಳಿಯ ಆಕುರ್ಡಿಯ ಬಜಾಜ್ ಟೆಂಪೊ ಕಂಪನಿ ಈ ಎಂಜಿನ್ನನ್ನು ಪರವಾನಗಿ ಪಡೆದು ಭಾರತದಲ್ಲೇ ತಯಾರಿಸಿ ತನ್ನ ಗಾಡಿಗಳಿಗೆ ಕೂರಿಸಿತು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಎಂದಾಯಿತು. ಜರ್ಮನಿಯ ಟ್ಯಾಕ್ಸಿಯ ಹೃದಯ ಸಿಂದಗಿಯ ಸಂತೆಗೆ ಬಂದದ್ದು ಈ ದಾರಿಯಲ್ಲಿ.

ಈ ಎಂಜಿನ್ನಿನ ಗುಟ್ಟು ಅದರ ಶಕ್ತಿಯಲ್ಲಿಲ್ಲ, ಅದು ತೋರದ ಶಕ್ತಿಯಲ್ಲಿದೆ. 2.4 ಲೀಟರ್ ಗಾತ್ರದಿಂದ ಅದು ಕೊಡುತ್ತಿದ್ದದ್ದು ಮೊದಲು 65, ಮುಂದೆ 72 ಅಶ್ವಶಕ್ತಿ ಮಾತ್ರ. ಅಷ್ಟೇ ಗಾತ್ರದ ಇಂದಿನ ಡೀಸೆಲ್ ಎಂಜಿನ್ನುಗಳು ಇದರ ಎರಡು ಪಟ್ಟು ಕೊಡುವುದು ಸಾಮಾನ್ಯ. ಎರಕದ ಕಬ್ಬಿಣದ ದಪ್ಪ ಮೈ, ರಬ್ಬರ್ ಪಟ್ಟಿಯ ಬದಲು ಉಕ್ಕಿನ ಸರಪಳಿ, ಮಿತಿ ಮೀರಿ ತಿರುಗದಂತೆ ತಡೆಯುವ ಗವರ್ನರ್. ಇಪ್ಪತ್ತು ಕಿಲೋ ಹೊರಬಲ್ಲವನಿಗೆ ಹತ್ತು ಕಿಲೋ ಹೊರಿಸಿದಂತೆ. ಅವನು ಸಂಜೆಯವರೆಗೂ ನಡೆಯುತ್ತಾನೆ.

ಈ ನಡಿಗೆ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ನೋಡಬಹುದು. ಗಾಡಿ ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ 5 ಲಕ್ಷ ಕಿಲೋಮೀಟರ್ ಓಡಿದರೆ ಅದು 12,500 ಗಂಟೆಗಳ ದುಡಿಮೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ ಎಂದುಕೊಂಡರೆ ಒಟ್ಟು 150 ಕೋಟಿ ಸುತ್ತು. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೀಗೆ 300 ಕೋಟಿ ಸಲ ಕಬ್ಬಿಣದ ಮೇಲೆ ಲೋಹ ಜಾರಿದರೂ ಸವೆದುಹೋಗದಿರಲು ಕಾರಣ, ಅವೆರಡರ ನಡುವೆ ಇರುವ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಆ ಪೊರೆ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಎಂಜಿನ್ನಿನ ಆಯುಷ್ಯವೆಂದರೆ ಈ ಪೊರೆಯ ಆಯುಷ್ಯವೇ.

ಪೊರೆ ಹರಿಯುವುದು ಯಾವಾಗ? ಮೊದಲನೆಯದಾಗಿ, ತಣ್ಣಗಿದ್ದ ಎಂಜಿನ್ನನ್ನು ಹತ್ತಿಸಿದಾಗ. ರಾತ್ರಿಯೆಲ್ಲ ಕೆಳಗಿಳಿದು ಕೂತ ಎಣ್ಣೆ ಮೇಲೇರಿ ಎಲ್ಲ ಕಡೆ ತಲುಪುವ ಮೊದಲ ಕ್ಷಣಗಳಲ್ಲಿ ಸವೆತ ಹೆಚ್ಚು. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಉರಿದ ಇಂಧನದ ತೇವ ಮತ್ತು ಆಮ್ಲ ಎಣ್ಣೆಯಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ಬೆಳಿಗ್ಗೆ ಹತ್ತಿ ದಿನವಿಡೀ ಬಿಸಿಯಾಗಿಯೇ ಇರುವ ಬಾಡಿಗೆ ಗಾಡಿಗೆ ಈ ಕಾಟ ಕಡಿಮೆ. ಸಾಹುಕಾರರ ಕಾರು ಹೊರಟಾಗಲೆಲ್ಲ ಈ ಕಾಟಕ್ಕೆ ಸಿಕ್ಕುತ್ತದೆ. ಮೇಲಿನ ಪ್ರಶ್ನೆಗೆ ಉತ್ತರದ ಇನ್ನೊಂದು ಭಾಗ ಇದು. ಬಿಸಿಯಾದ ಎಂಜಿನ್ನನ್ನು ಅದರ ಮಿತಿಯೊಳಗೆ ಎಷ್ಟು ದುಡಿಸಿದರೂ ಅದಕ್ಕೆ ದೊಡ್ಡ ಹಾನಿಯಿಲ್ಲ.

ಆದರೆ ಈ ನಾಲ್ಕು ತಾಲೂಕುಗಳ ನೆಲ ತನ್ನದೇ ಪರೀಕ್ಷೆ ಒಡ್ಡುತ್ತದೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಇವುಗಳ ನಡುವಿನ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಅದರ ಮೇಲೆ ಹಾಕಿದ ರಸ್ತೆಯನ್ನು ಒಂದೇ ಸಮನೆ ನಿಲ್ಲಗೊಡುವುದಿಲ್ಲ. ಬೇಸಿಗೆಯಲ್ಲಿ ಆ ಮಣ್ಣೇ ಧೂಳಾಗಿ ಏಳುತ್ತದೆ. 2.4 ಲೀಟರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಗಂಟೆಗೆ ಸುಮಾರು 1,40,000 ಲೀಟರ್ ಗಾಳಿ ಕುಡಿಯುತ್ತದೆ. ಸೋಸುಕದ ಸಂದಿಯಿಂದ ಚಿಟಿಕೆ ಮಣ್ಣು ನುಸುಳಿದರೂ ಸಾಕು, ಅದು ಎಣ್ಣೆಯೊಂದಿಗೆ ಕಲೆತು ಸಾಣೆ ಹಿಡಿಯುವ ಪುಡಿಯಂತೆ ರಿಂಗುಗಳನ್ನೂ ಸಿಲಿಂಡರನ್ನೂ ತಿನ್ನುತ್ತದೆ. ಹಳೆಯ ಜೀಪುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಅಲ್ಲೇ ಮುಳುಗಿಸುವ ಏರ್ಪಾಡಿತ್ತು. ಆ ಬಟ್ಟಲಿನ ಕೆಸರನ್ನು ಆಗಾಗ ತೊಳೆದ ಚಾಲಕನ ಗಾಡಿ ಉಳಿಯಿತು, ತೊಳೆಯದವನದು ಗ್ಯಾರೇಜು ಸೇರಿತು.

ಧೂಳಿನ ಜೊತೆಗೆ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ರೇಡಿಯೇಟರಿನ ನೀರು ಒಮ್ಮೆ ಬತ್ತಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಎಂಜಿನ್ ತಣ್ಣಗಿರಲಿ ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ರೂಢಿ ಅನೇಕ ಕಡೆ ಇದೆ. ಉದ್ದೇಶ ಒಳ್ಳೆಯದೇ, ಆದರೆ ಬೇಗ ಬಿಸಿಯಾಗದ ಎಂಜಿನ್ ಸದಾ ಬೆಳಗಿನ ಚಳಿಯಲ್ಲೇ ಓಡಿದಂತಾಗಿ ಸವೆತ ಹೆಚ್ಚುತ್ತದೆ. ಡೀಸೆಲ್ ಉಳಿಸಲೆಂದು ತುಂಬಿದ ಗಾಡಿಯನ್ನು ನಿಧಾನಗತಿಯಲ್ಲೂ ಟಾಪ್ ಗೇರಿನಲ್ಲೇ ಎಳೆಸುವುದೂ ಹಾಗೆಯೇ. ಗಾಡಿ ನರಳುತ್ತ ಕಪ್ಪು ಹೊಗೆ ಕಾರುವಾಗ ಪೂರ್ತಿ ಭಾರ ಬೇರಿಂಗುಗಳ ಮೇಲೆ ಬೀಳುತ್ತದೆ. ವೇಗವಾಗಿ ತಿರುಗುವುದಕ್ಕಿಂತ ಹೀಗೆ ಏದುಸಿರು ಬಿಡುವುದೇ ಎಂಜಿನ್ನಿಗೆ ಹೆಚ್ಚು ಕಷ್ಟ. ಇನ್ನು ಸೀಮೆಎಣ್ಣೆ ಬೆರೆಸಿದ ಡೀಸೆಲ್ಲಿನಲ್ಲಿ ಜಾರುಗುಣ ಕಡಿಮೆಯಾದ್ದರಿಂದ ಪಂಪೇ ಸವೆಯುತ್ತದೆ.

ಜಗತ್ತಿನ ದಾಖಲೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಶಾಲಾ ಮಾಸ್ತರ ಇರ್ವ್ ಗಾರ್ಡನ್ 1966ರ ತನ್ನ ವೋಲ್ವೊ ಕಾರಿನಲ್ಲಿ 2013ರ ವೇಳೆಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಪೂರೈಸಿದ. ಎಣ್ಣೆ ಬದಲಿಸುವುದರಲ್ಲಿ ಅವನದು ವ್ರತದಂಥ ನಿಷ್ಠೆ. ಗ್ರೀಸಿನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕ ಗ್ರೆಗೋರಿಯೊಸ್ ಸಾಚಿನಿಡಿಸ್‌ನ 1976ರ ಮರ್ಸಿಡಿಸ್ 240 ಡಿ 46 ಲಕ್ಷ ಕಿಲೋಮೀಟರ್ ಓಡಿ 2004ರಲ್ಲಿ ಕಂಪನಿಯ ಸಂಗ್ರಹಾಲಯ ಸೇರಿತು. ಇದರಲ್ಲಿದ್ದದ್ದು ಟ್ರ್ಯಾಕ್ಸಿನ ಎಂಜಿನ್ನಿನ ಬಂಧುವೇ. ಆದರೆ ಆ ದೂರವನ್ನು ಒಂದೇ ಎಂಜಿನ್ ಓಡಲಿಲ್ಲ. ಅವನು ಹಲವು ಬಾರಿ ಎಂಜಿನ್ ಇಳಿಸಿ, ದುರಸ್ತಿ ಮಾಡಿಸಿ, ಬದಲಿಸಿದ್ದ. ‘ಎಂದೂ ಕೆಡದ ಎಂಜಿನ್’ ಎಂಬುದು ಮಾತಿನ ಅಲಂಕಾರ. ನಿಜವಾಗಿ ಇರುವುದು ಕೆಟ್ಟಾಗ ಸರಿಪಡಿಸಲು ಬರುವ ಎಂಜಿನ್. ಸವೆದ ಸಿಲಿಂಡರಿಗೆ ಬೋರ್ ಹೊಡೆಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿ, ಹೊಸ ರಿಂಗು ಕೂರಿಸಿ ಮತ್ತೊಂದು ಜನ್ಮ ಕೊಡುವ ತಾಲೂಕು ಗ್ಯಾರೇಜಿನ ಮಿಸ್ತ್ರಿಯೂ ಈ ಆಯುಷ್ಯದ ಪಾಲುದಾರ.

ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಎಂಜಿನ್ ಗಟ್ಟಿಯಾಗಿದ್ದಷ್ಟೂ ಅದು ಎಷ್ಟು ಹೊರಿಸಿದರೂ ಎಳೆಯುತ್ತದೆ. ಹನ್ನೆರಡು ಹದಿಮೂರು ಮಂದಿಗೆಂದು ಮಾಡಿದ ಗಾಡಿಗೆ ಇಪ್ಪತ್ತು ಮಂದಿ ಹತ್ತಿದರೂ ಎಂಜಿನ್ ದೂರು ಹೇಳುವುದಿಲ್ಲ. ಆದರೆ ಬ್ರೇಕು, ಟೈರು, ಸ್ಟೇರಿಂಗಿನ ಕೀಲು, ಕಮಾನು ಪಟ್ಟಿ ಇವು ಎಂಜಿನ್ನಿನ ಕುಲದವಲ್ಲ. ಅವುಗಳಿಗೆ 5 ಲಕ್ಷ ಕಿಲೋಮೀಟರಿನ ಆಯುಷ್ಯವಿಲ್ಲ. 2022ರ ಆಗಸ್ಟ್ 25ರಂದು ಶಿರಾ ಬಳಿ ಲಾರಿಗೆ ಡಿಕ್ಕಿಯಾದ ಕ್ರೂಸರಿನಲ್ಲಿ ನೆರೆಯ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ದುಡಿಯಲು ಹೊರಟಿದ್ದ ಬಡವರಿದ್ದರು. ಗಾಡಿಯಲ್ಲಿದ್ದವರು 20ಕ್ಕೂ ಹೆಚ್ಚು, ಪ್ರಾಣ ಬಿಟ್ಟವರು 9 ಮಂದಿ. ರೈಲಿಲ್ಲದ, ಸಾಕಷ್ಟು ಬಸ್ಸಿಲ್ಲದ ಸೀಮೆಯ ಜನ ಇಂಥ ಗಾಡಿಯನ್ನೇ ನಂಬಬೇಕಾಗಿರುವುದರಿಂದ ಇದು ಬರೀ ಚಾಲಕನ ತಪ್ಪೆಂದು ಕೈತೊಳೆದುಕೊಳ್ಳುವಂತಿಲ್ಲ.

ಹಳೆಯ ವಿನ್ಯಾಸದ ಕಾಲ ಈಗ ಮುಗಿದಿದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮಗಳ ಪ್ರಕಾರ ಹೊಸ ಕ್ರೂಸರಿನ 2.6 ಲೀಟರ್ ಎಂಜಿನ್ ಕಾಮನ್ ರೈಲ್ ಪದ್ಧತಿಯದು. ಅದರಲ್ಲಿ ಡೀಸೆಲ್ ಚಿಮ್ಮಿಸುವುದು ಕಂಪ್ಯೂಟರಿನ ಹತೋಟಿಯಲ್ಲಿದೆ. ಹೊಗೆ ಕಡಿಮೆಯಾದದ್ದು ಊರ ಮಕ್ಕಳ ಶ್ವಾಸಕೋಶಕ್ಕೆ ಒಳ್ಳೆಯದೇ. ಆದರೆ ಸ್ಪ್ಯಾನರ್ ಮತ್ತು ಕಿವಿ ಎರಡನ್ನೇ ನಂಬಿ ಕೆಲಸ ಮಾಡುತ್ತಿದ್ದ ಮಿಸ್ತ್ರಿಗೆ ಈಗ ಪರೀಕ್ಷಾ ಯಂತ್ರವೂ ಬೇಕು, ತರಬೇತಿಯೂ ಬೇಕು.

ಹಳೆಯ ಗಾಡಿ ಕೊಳ್ಳುವವರು ಮೊದಲು ಮೀಟರ್ ನೋಡುತ್ತಾರೆ. ಐದು ಅಂಕಿಯ ಹಳೆಯ ಮೀಟರುಗಳು 99,999 ದಾಟಿದೊಡನೆ ಮತ್ತೆ ಸೊನ್ನೆಗೆ ಬರುತ್ತಿದ್ದವು, ತಂತಿ ಹರಿದರೆ ವರ್ಷಗಟ್ಟಲೆ ನಿಂತೇ ಇರುತ್ತಿದ್ದವು. ಅನುಭವಿ ಮಿಸ್ತ್ರಿ ಅದನ್ನು ನಂಬುವುದಿಲ್ಲ. ಎಂಜಿನ್ ಓಡುತ್ತಿರುವಾಗ ಎಣ್ಣೆಯ ಮುಚ್ಚಳ ತೆಗೆದು ಒಳಗಿನಿಂದ ಎಷ್ಟು ಹೊಗೆ ನುಗ್ಗುತ್ತದೆ, ಹಿಂದಿನ ಕೊಳವೆಯಲ್ಲಿ ಬರುವುದು ಕಪ್ಪೋ ನೀಲಿಯೋ ಎಂದು ನೋಡುತ್ತಾನೆ. ಆಮೇಲೆ ಗಾಡಿಯ ಕೆಳಗೆ ತೂರಿ ಬ್ರೇಕಿನ ಕೊಳವೆ ಮುಟ್ಟುತ್ತಾನೆ. ಕೊಳ್ಳುವವರೂ ಮೀಟರಿಗಿಂತ ಮೊದಲು ಅವನನ್ನು ಗಾಡಿಯ ಕೆಳಗೆ ಕಳಿಸುವುದು ಒಳ್ಳೆಯದು.